ನೀರು ತುಂಬುವ ಹಬ್ಬದಲ್ಲಿ ಒಣಗಿದ ಲೆನ್ಸು

ಅವನು ಲೆನ್ಸುಗಳನ್ನು ತಂದದ್ದು ಬೆಂಕಿಪೊಟ್ಟಣದಲ್ಲಿ.

ಅವತ್ತು ನರಕ ಚತುರ್ದಶಿ. ತೊಂಬತ್ತರ ದಶಕದ ನಡುವಿನ ಮಾತು. ಸೊರಬದ ಬಸ್ ನಿಲ್ದಾಣದ ಎದುರಿಗಿದ್ದ ನಮ್ಮ ಕನ್ನಡಕದ ಅಂಗಡಿಯ ಬಾಗಿಲನ್ನು ಆಗಷ್ಟೇ ತೆಗೆದಿದ್ದೆ. ಊರಿಗೆ ಊರೇ ಎಣ್ಣೆ ಸ್ನಾನದಲ್ಲಿರುವಾಗ ಕನ್ನಡಕ ಕೊಳ್ಳಲು ಯಾರು ಬರುತ್ತಾರೆ ಎಂದು ಕೇಳಿದ್ದಕ್ಕೆ ನಮ್ಮ ಮಾಲೀಕರು, ಹಬ್ಬದ ಸಾಮಾನಿಗೆ ಬಂದವರು ಹಾಗೇ ಬರುತ್ತಾರೆ ಎಂದು ಹೇಳಿ ನನ್ನನ್ನು ಶಿಕಾರಿಪುರದಿಂದ ಮೊದಲ ಬಸ್ಸಿಗೆ ಹತ್ತಿಸಿದ್ದರು. ದೊಡ್ಡ ಅಂಗಡಿ ಶಿಕಾರಿಪುರದಲ್ಲಿತ್ತು, ಇಲ್ಲಿಯದು ಅದರ ಬಾಲ. ಎರಡೂ ಕಡೆ ಕಣ್ಣಿನ ನಂಬರು ನೋಡುವ ಕೆಲಸ ನನ್ನದು. ಸೇರಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಬಂದವನ ತಲೆಯಲ್ಲಿ ಸೀಗೆಪುಡಿಯ ವಾಸನೆ ಇನ್ನೂ ಹಾಗೇ ಇತ್ತು. ಕಿವಿಯ ಹಿಂದೆ ಎಣ್ಣೆ ಸರಿಯಾಗಿ ಹೋಗಿರಲಿಲ್ಲ. ಅಂಗಡಿಯ ಒಳಗೆ ಬಂದು, ಹೊರಗೆ ಒಮ್ಮೆ ನೋಡಿ, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕೌಂಟರಿನ ಮೇಲೆ ಇಟ್ಟ.

"ಮೇಡಂ, ಇದೊಂದು ಸ್ವಲ್ಪ ನೋಡ್ಬೇಕಿತ್ತು. ನಿಮ್ಮ ಶಿಕಾರಿಪುರದ ಅಂಗಡೀದೇ ಅಂತೆ."

ಪೊಟ್ಟಣವನ್ನು ಮೆಲ್ಲಗೆ ಜಾರಿಸಿ ನೋಡಿದೆ. ಹತ್ತಿಯ ಮೇಲೆ ಎರಡು ಚೂರುಗಳಿದ್ದವು. ಒಣಗಿ ಸುರುಟಿಕೊಂಡ ಈರುಳ್ಳಿ ಸಿಪ್ಪೆಯ ತುಂಡುಗಳ ಹಾಗೆ ಕಾಣುತ್ತಿದ್ದವು. ಅವು ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸುಗಳು. ಒಂದರ ಅಂಚಿನಲ್ಲಿ ಬಿರುಕು ಬಿಟ್ಟು ಸಣ್ಣ ಚಕ್ಕೆ ಎದ್ದಿತ್ತು.

"ಇದನ್ನ ಯಾರು ಕಿತ್ತಿದ್ದು?"

"ನಾನೇ. ಡಬ್ಬಿಗೆ ಅಂಟಿಕೊಂಡಿತ್ತು, ಉಗುರಲ್ಲಿ ಎಬ್ಬಿಸ್ದೆ. ಡಬ್ಬಿ ಸಮೇತ ತಂದ್ರೆ ಅವ್ವ ಕೇಳ್ತಾಳೆ ಅಂತ."

ಮೆತ್ತನೆಯ ಲೆನ್ಸು ನೀರಿನಲ್ಲಿ ಬದುಕುವ ವಸ್ತು. ನೀರು ಆರಿದರೆ ಗಾಜಿನಷ್ಟು ಪೆಡಸಾಗುತ್ತದೆ, ಮುಟ್ಟಿದರೆ ಮುರಿಯುತ್ತದೆ. ಒಣಗಿದ ಲೆನ್ಸನ್ನು ಕಂಡವರು ಮಾಡಬೇಕಾದ ಮೊದಲ ಕೆಲಸ ಏನನ್ನೂ ಮಾಡದಿರುವುದು. ಡಬ್ಬಿಯಲ್ಲೇ ಸಲೈನ್, ಅಂದರೆ ಶುದ್ಧ ಉಪ್ಪುನೀರು, ಹುಯ್ದು ಬಿಟ್ಟರೆ ಅದು ತಾನಾಗಿ ನೆನೆದು ಬಿಡಿಸಿಕೊಳ್ಳುತ್ತದೆ. ಅವನಿಗೆ ಇದು ಗೊತ್ತಿರಲಿಲ್ಲ, ಸರಿ. ಆದರೆ ಅವನ ಮುಂದಿನ ಮಾತು ಕೇಳಿ ನನ್ನ ಮೈ ಉರಿಯಿತು. ಮನೆಯಲ್ಲಿ ಹೆಂಡತಿ ಇಂಥದ್ದೊಂದು ವಸ್ತು ಬಳಸುತ್ತಾಳೆ ಎಂಬುದೇ ಅವನಿಗೆ ಹಿಂದಿನ ದಿನದವರೆಗೆ ಗೊತ್ತಿರಲಿಲ್ಲವಂತೆ. ಮದುವೆಯಾಗಿ ಅದು ಎರಡನೇ ದೀಪಾವಳಿ.

ನಡೆದದ್ದು ಇಷ್ಟು. ಅವರದು ಸೊರಬದ ಹತ್ತಿರದ ಉಳವಿ. ಹುಡುಗಿ ಈಸೂರಿನ ಕಡೆಯವಳು. ಹಿಂದಿನ ದಿನ ನೀರು ತುಂಬುವ ಹಬ್ಬ. ಈ ಕಡೆಯ ಮನೆಗಳಲ್ಲಿ ಅವತ್ತು ಹಳೆಯ ನೀರು ಎಲ್ಲೂ ಉಳಿಯುವಂತಿಲ್ಲ. ಬಚ್ಚಲ ಹಂಡೆಯಿಂದ ಹಿಡಿದು ದೇವರ ಮುಂದಿನ ಪಂಚಪಾತ್ರೆಯವರೆಗೆ ಎಲ್ಲವನ್ನೂ ಬರಿದು ಮಾಡಿ, ಬೂದಿ ಹುಣಿಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಸಂಜೆ ಬಾವಿಗೆ ಪೂಜೆ ಮಾಡಿ ಹೊಸ ನೀರು ತುಂಬಬೇಕು. ಹುಡುಗಿ ಹಂಡೆ ತಿಕ್ಕುವಾಗ ಕಣ್ಣಿಗೆ ಬೂದಿ ಹಾರಿ ಉರಿ ತಡೆಯಲಾರದೆ ಲೆನ್ಸು ತೆಗೆದು ಕೋಣೆಯ ಗೂಡಿನಲ್ಲಿ ಅದರ ಡಬ್ಬಿಯಲ್ಲಿಟ್ಟಿದ್ದಾಳೆ. ಅತ್ತೆ ಮನೆಯೆಲ್ಲ ಹುಡುಕಿ ಹಳೆಯ ನೀರು ಚೆಲ್ಲುತ್ತಾ ಬಂದವರು, ಆ ಗೂಡಿನಲ್ಲಿದ್ದ ಡಬ್ಬಿಯ ಎರಡು ಪುಟ್ಟ ಬಟ್ಟಲುಗಳಲ್ಲಿ ನೀರಿರುವುದನ್ನು ಕಂಡು, ಕಾಡಿಗೆಯದೋ ಏನೋ ಎಂದುಕೊಂಡು ಅದನ್ನೂ ಚೆಲ್ಲಿ, ಉಳಿದ ಪಾತ್ರೆಗಳ ಜೊತೆ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಿದ್ದಾರೆ. ಲೆನ್ಸಿಗೆ ಬಣ್ಣವಿಲ್ಲ. ಬಟ್ಟಲಿನ ಗೋಡೆಗೆ ಅಂಟಿದ್ದು ಅವರಿಗೆ ಕಾಣುವುದಾದರೂ ಹೇಗೆ. ಸಂಜೆ ಹುಡುಗಿ ಗೂಡು ತಡಕಾಡಿ ಡಬ್ಬಿ ಇಲ್ಲದೆ ಅತ್ತು, ಗಂಡನಿಗೆ ಹೇಳಿಕೊಂಡಿದ್ದಾಳೆ. ಡಬ್ಬಿ ಅವನಿಗೆ ಸಿಕ್ಕಿದ್ದು ಕಟ್ಟೆಯ ಮೇಲೆ.

"ಕನ್ನಡಕ ಎಲ್ಲಿದೆ?" ಎಂದು ಕೇಳಿದೆ.

"ಅವ್ಳು ಕನ್ನಡಕ ಹಾಕಲ್ಲ ಮೇಡಂ."

"ಹಾಕಲ್ಲ ಅಂದ್ರೆ? ಲೆನ್ಸ್ ತೆಗೆದಾಗ ಏನು ಮಾಡ್ತಾರೆ?"

ಆ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ ಎಂದು ಕಾಣುತ್ತದೆ. ತಲೆ ತಗ್ಗಿಸಿ, "ಅವ್ವಂಗೆ ಗೊತ್ತಾಗ್ದಂಗೆ ಇದನ್ನ ಸರಿ ಮಾಡಿ ಕೊಟ್ರೆ ಸಾಕು. ಹಬ್ಬದಲ್ಲಿ ಗಲಾಟೆ ಬ್ಯಾಡ ಅಂತ," ಎಂದ. ಒಳ್ಳೆಯ ಹುಡುಗನೇ. ಅಷ್ಟು ಹೊತ್ತಿಗೇ ಉಳವಿಯಿಂದ ಬಸ್ಸು ಹತ್ತಿ ಬಂದಿದ್ದ. ಆದರೂ ಅವನಿಗೆ ಮೊದಲು ನೆನಪಾಗಿದ್ದು ಗಲಾಟೆ, ಹೆಂಡತಿಯ ಕಣ್ಣಲ್ಲ.

"ನಾಳೆ ಅವರನ್ನ ಶಿಕಾರಿಪುರಕ್ಕೆ ಕರ್ಕೊಂಡು ಬನ್ನಿ. ಕಣ್ಣು ನೋಡದೆ ನಾನು ಏನನ್ನೂ ಕೊಡಲ್ಲ."

"ನಾಳೆ ಅಮಾಸೆ ಮೇಡಂ. ಹಬ್ಬ ಬಿಟ್ಟು ಹೆಂಗೆ ಬರೋದು?"

"ಹಬ್ಬ ಮುಂದಿನ ವರ್ಷವೂ ಬರುತ್ತೆ," ಎಂದೆ. ಗ್ರಾಹಕರ ಜೊತೆ ಹಾಗೆ ಮಾತಾಡಬಾರದು ಎಂದು ಮಾಲೀಕರು ನನಗೆ ಎಷ್ಟೋ ಸಲ ಹೇಳಿದ್ದರು.

ಸೊರಬದ ಅಂಗಡಿಯಲ್ಲಿ ಫ್ರೇಮುಗಳನ್ನು ಬಿಟ್ಟರೆ ಲೆನ್ಸಿಗೆ ಬೇಕಾದ ದ್ರಾವಣ ಒಂದು ಹನಿಯೂ ಇರಲಿಲ್ಲ. ಹಬ್ಬಕ್ಕೆ ಮೆಡಿಕಲ್ ಶಾಪಿನವರೂ ಬಾಗಿಲು ಹಾಕಿದ್ದರು. ನಾನೂ ಬಾಗಿಲು ಎಳೆದು ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿದೆ. ಬಸ್ಸಿನ ತುಂಬ ಚೆಂಡು ಹೂವಿನ ಮೂಟೆಗಳು. ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿದರೆ ಯಾರಾದರೂ ಒತ್ತಿ ಪುಡಿ ಮಾಡುತ್ತಾರೆಂದು ಮಡಿಲಲ್ಲಿಟ್ಟು ಅಂಗೈ ಮುಚ್ಚಿಕೊಂಡು ಕೂತೆ. ಪಕ್ಕದಲ್ಲಿದ್ದ ಅಜ್ಜ ಬೀಡಿಗೆ ಬೆಂಕಿ ಕೇಳಿದರು. ಇಲ್ಲ ಎಂದೆ. ಅವರು ಪೊಟ್ಟಣವನ್ನೂ ನನ್ನ ಮುಖವನ್ನೂ ನೋಡಿ, ಹಬ್ಬದ ದಿನ ಒಂದು ಕಡ್ಡಿ ಕೊಡಲಾರದವಳು ಎಂಬಂತೆ ಆ ಕಡೆ ತಿರುಗಿ ಕೂತರು.

ಶಿಕಾರಿಪುರದ ಅಂಗಡಿಯ ಒಳಕೋಣೆಯಲ್ಲಿ ಕೈ ತೊಳೆದು ಕೆಲಸ ಶುರು ಮಾಡಿದೆ. ಅಗಲ ಬಾಯಿಯ ಎರಡು ಗಾಜಿನ ಬಟ್ಟಲುಗಳನ್ನು ಕುದಿಸಿ ಆರಿಸಿ, ಒಂದಕ್ಕೆ ಬಲ ಇನ್ನೊಂದಕ್ಕೆ ಎಡ ಎಂದು ಚೀಟಿ ಅಂಟಿಸಿದೆ. ಯಾವುದು ಯಾವ ಕಣ್ಣಿನದು ಎಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಆ ಚೀಟಿಗಳು ಸದ್ಯಕ್ಕೆ ನನ್ನ ಊಹೆ ಮಾತ್ರ. ಡ್ರಿಪ್ ಹಾಕಲು ಬಳಸುವ ಸಲೈನಿನ ಹೊಸ ಬಾಟಲಿ ಒಡೆದು ಬಟ್ಟಲುಗಳಿಗೆ ಸುರಿದೆ. ಆಮೇಲೆ ಬೆಂಕಿಪೊಟ್ಟಣವನ್ನೇ ಬಟ್ಟಲಿನ ಮೇಲೆ ಓರೆ ಮಾಡಿ ಹತ್ತಿಯನ್ನು ತಟ್ಟಿದೆ. ಚೂರುಗಳನ್ನು ಬೆರಳಿನಿಂದಾಗಲಿ ಚಿಮಟದಿಂದಾಗಲಿ ಮುಟ್ಟಲಿಲ್ಲ. ಒಂದೊಂದೇ ಜಾರಿ ನೀರಿನ ಮೇಲೆ ತೇಲಿದವು. ಡ್ರಾಪರಿನಿಂದ ಅವುಗಳ ಮೇಲೆ ಹನಿ ಹಾಕಿ ಮುಳುಗಿಸಿದೆ.

ಮುಂದೆ ಕಾಯುವುದೊಂದೇ. ಮೊದಲ ಅರ್ಧ ಗಂಟೆ ಏನೂ ಆಗುವುದಿಲ್ಲ. ಆಮೇಲೆ ಅಂಚು ಮೆತ್ತಗಾಗಿ, ಸುರುಳಿ ಸ್ವಲ್ಪ ಸಡಿಲುತ್ತದೆ. ಅದನ್ನು ಬೇಗ ಬಿಡಿಸೋಣ ಎಂದು ಕೈ ತುಡಿಯುತ್ತದೆ, ಬಿಡಿಸಿದರೆ ಹರಿಯುತ್ತದೆ. ಬೇಗ ನೆನೆಯಲಿ ಎಂದು ಬಿಸಿ ಮಾಡುವಂತಿಲ್ಲ. ಇದ್ದ ಕೊಳೆ ಬೆಂದು ಲೆನ್ಸಿಗೇ ಅಂಟಿ ಕೂರುತ್ತದೆ. ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಿ ಬರುವಷ್ಟರಲ್ಲಿ ಎರಡೂ ಬಿಡಿಸಿಕೊಂಡು ಬಟ್ಟಲಿನ ತಳದಲ್ಲಿ ಮಲಗಿದ್ದವು. ಹಳೆಯ ಸಲೈನು ಚೆಲ್ಲಿ ಹೊಸದು ಹಾಕಿದೆ. ಭೂತಗನ್ನಡಿ ಹಿಡಿದು ಟ್ಯೂಬ್ ಲೈಟಿನ ಕೆಳಗೆ ನೋಡಿದೆ. ಉಗುರು ತಾಗಿದ್ದ ಲೆನ್ಸಿನ ಬಿರುಕು ನೆನೆದ ಮೇಲೆ ಒಳಕ್ಕೆ ಓಡಿತ್ತು. ಅದನ್ನು ಆಗಲೇ ಕೈಬಿಟ್ಟೆ. ಅಂಚು ಹರಿದ ಲೆನ್ಸು ರೆಪ್ಪೆ ಮುಚ್ಚಿದಾಗಲೆಲ್ಲ ಕರಿಗುಡ್ಡೆಯನ್ನು ಗೀರುತ್ತದೆ.

ಇನ್ನೊಂದರ ಅಂಚು ಸುತ್ತಲೂ ಸರಿಯಿತ್ತು. ಆದರೆ ಮೈ ಮೇಲೆ ಸುಣ್ಣದ ಹಾಗೆ ಬಿಳಿ ಚುಕ್ಕೆಗಳು. ಬರೀ ಸಲೈನಿನಲ್ಲಿ ಇಟ್ಟ ಲೆನ್ಸಿನ ಮೇಲೆ ಇಂಥ ಚುಕ್ಕೆ ಇಷ್ಟೊಂದು ಕೂರುವುದಿಲ್ಲ. ಇದು ಗಡಸು ನೀರಿನದು ಎಂದು ಅನುಮಾನ ಬಂತು. ತೊಳೆಯುವ ದ್ರಾವಣ ಎರಡು ಹನಿ ಹಾಕಿ, ಲೆನ್ಸನ್ನು ಎಡ ಅಂಗೈಯಲ್ಲಿಟ್ಟು ತೋರುಬೆರಳಿನ ತುದಿಯಿಂದ ಹಿಂದಕ್ಕೂ ಮುಂದಕ್ಕೂ ಉಜ್ಜಿದೆ. ಸುತ್ತಲೂ ತಿರುಗಿಸಿ ಉಜ್ಜಿದರೆ ಅಂಚು ಮಡಚುತ್ತದೆ. ತೊಳೆದು, ನೋಡಿ, ಮತ್ತೆ ಉಜ್ಜಿ, ಮತ್ತೆ ತೊಳೆದೆ. ಆಮೇಲೆ ಕೊಳೆ ಕರಗಿಸುವ ಮಾತ್ರೆಯನ್ನು ಸಲೈನಿನಲ್ಲಿ ಕದಡಿ ಅದರಲ್ಲಿ ಬಿಟ್ಟೆ. ಸಂಜೆ ತೆಗೆದಾಗ ಚುಕ್ಕೆಗಳಲ್ಲಿ ಬಹಳಷ್ಟು ಹೋಗಿದ್ದವು. ಬೆರಳ ತುದಿಯ ಮೇಲೆ ಲೆನ್ಸು ಬಟ್ಟಲಿನ ಹಾಗೆ ನೆಟ್ಟಗೆ ನಿಂತಿತು. ಬೆಳಗ್ಗೆ ಈರುಳ್ಳಿ ಸಿಪ್ಪೆಯಂತಿದ್ದುದು ಇದೇ ಎಂದರೆ ಯಾರೂ ನಂಬುತ್ತಿರಲಿಲ್ಲ. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೇ ಆಯಿತು. ಪುಟ್ಟ ಶೀಶೆಯಲ್ಲಿ ಹೊಸ ಸಲೈನು ಹಾಕಿ ಅದನ್ನು ಇಟ್ಟು, ಶೀಶೆಯನ್ನು ನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಕುದಿಸಿದೆ. ಕೊಳೆ ಹೋದ ಮೇಲೆ ಕುದಿಸಬಹುದು, ಕ್ರಿಮಿ ಸಾಯಲು ಕುದಿಸಲೇಬೇಕು.

ಆಗ ಮಾಲೀಕರು ಮರುದಿನದ ಅಂಗಡಿ ಪೂಜೆಗೆ ಬಾಳೆಕಂಬ ಹಿಡಿಸಿಕೊಂಡು ಬಂದರು. ಸೊರಬದ ಬಾಗಿಲು ಹಾಕಿ ಬಂದದ್ದಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಉಳವಿ ಎಂಬ ಹೆಸರು ಕೇಳಿದ ಕೂಡಲೇ ಕುರ್ಚಿ ಎಳೆದುಕೊಂಡು ಕೂತರು.

"ಆ ಹುಡ್ಗಿ ಅಪ್ಪ ನಮಗ ಭಾಳ ಬೇಕಾದೋರು ಕಣ್ರೀ. ಸಂಬಂಧ ಎರಡು ಸಲ ಮುರಿದು ಹೋಗಿತ್ತು ಕನ್ನಡಕದ ಸಲುವಾಗಿ. ಹದಿನಾಲ್ಕು ನಂಬರು ಅಂದ್ರ ಸುಮ್ನನಾ? ಅಷ್ಟು ದಪ್ಪ ಗಾಜು ನೋಡಿದ್ರ ಯಾರು ಮಾಡ್ಕೊಂತಾರ? ನಾನೇ ಲೆನ್ಸ್ ತರಿಸಿಕೊಟ್ಟು ಮದಿವಿ ದಡ ಹಾಯಿಸಿದ್ದು."

"ಕಣ್ಣಿನ ಅಳತೆ ಯಾರು ತಗೊಂಡ್ರು?"

"ಕನ್ನಡಕದ ನಂಬರು ಇತ್ತಲ್ರೀ."

ಕರಿಗುಡ್ಡೆಯ ಬಾಗು ಅಳೆಯದೆ, ಬರೀ ಕನ್ನಡಕದ ನಂಬರು ಬರೆದು ಕಳಿಸಿ ತರಿಸಿದ ಲೆನ್ಸು. ನಾನು ಸೇರುವ ಮೊದಲಿನ ಮಾತದು. ಬಳಸುವ ಕ್ರಮ ತಿಳಿಸಲು ಜೊತೆಗೆ ಬಂದ ಹಾಳೆ ಪೂರ್ತಿ ಇಂಗ್ಲಿಷ್. ಹುಡುಗಿ ಓದಿದ್ದು ಏಳನೇ ಕ್ಲಾಸು.

"ಹಂಗಾದ್ರೆ ಅವರ ಕನ್ನಡಕ ಎಲ್ಲಿದೆ ಸಾರ್? ಈಸೂರಲ್ಲಾ?"

ಮಾಲೀಕರು ತಮ್ಮ ಮೇಜಿನ ಡ್ರಾಯರು ಎಳೆದರು. ಹಳೆಯ ಸ್ಕ್ರೂಗಳು, ಮೂಗಿನ ಪ್ಯಾಡುಗಳು, ಮುರಿದ ಕಡ್ಡಿಗಳ ನಡುವಿನಿಂದ ಕಪ್ಪು ಫ್ರೇಮಿನ ಒಂದು ಕನ್ನಡಕ ತೆಗೆದು ನನ್ನ ಮುಂದಿಟ್ಟರು. ಗಾಜಿನ ಮೇಲೆ ಧೂಳು ಪದರ ಕಟ್ಟಿತ್ತು.

"ಗಂಡನ ಮನಿಗೆ ಹೋಗೋ ಟ್ರಂಕು ಹತ್ತು ಮಂದಿ ಹೆಂಗಸ್ರು ಮುಂದ ಬಿಚ್ಚಿ ತೋರಿಸ್ತಾರ. ಅದರಾಗ ಇದು ಕಂಡ್ರ ಮುಗೀತು. ಅದಕ್ಕ ನಾನೇ ಹೇಳ್ದೆ, ಇದು ನನ್ನ ಹತ್ರ ಇರ್ಲಿ ಅಂತ."

ಕನ್ನಡಕವನ್ನು ಎತ್ತಿ ಗಾಜಿನ ದಪ್ಪ ನೋಡಿದೆ. ಹದಿನಾಲ್ಕು ಮೈನಸ್ ಎಂದರೆ ತನ್ನ ಅಂಗೈ ಗೆರೆ ನೋಡಲು ಕೈಯನ್ನು ಮೂಗಿನ ತನಕ ತರಬೇಕು. ಎದುರು ನಿಂತವರಿಗೆ ಮುಖ ಇರುವುದಿಲ್ಲ, ಬಣ್ಣ ಮಾತ್ರ ಇರುತ್ತದೆ. ಅಂಥವಳ ಕಣ್ಣನ್ನು ಈ ಮನುಷ್ಯ ಸ್ಕ್ರೂಗಳ ಜೊತೆ ಡ್ರಾಯರಿನಲ್ಲಿ ಹಾಕಿಕೊಂಡು ಒಂದೂವರೆ ವರ್ಷ ವ್ಯಾಪಾರ ಮಾಡಿದ್ದರು. ಅದನ್ನು ಉಪಕಾರ ಎಂದೇ ನಂಬಿದ್ದರು. ಅವರು ಕೆಟ್ಟವರಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

"ಸಾರ್, ಲೆನ್ಸ್ ಹಾಕೋರು ಕನ್ನಡಕ ಇಲ್ಲದೆ ಒಂದು ದಿನವೂ ಇರಬಾರದು," ಎಂದಷ್ಟೇ ಹೇಳಿದೆ.

"ಆತು ಬಿಡ್ರೀ. ಈಗ ಒಂದು ಸರಿ ಆತಲ್ಲ? ನಾಳೆ ಅದನ್ನ ಹಾಕಿ ಕಳಿಸ್ರಿ. ಇನ್ನೊಂದು ತರಿಸಿದ್ರಾತು. ಒಂದು ಕಣ್ಣು ಕಂಡ್ರೂ ಹಬ್ಬ ಕಳೀತದ."

ಮರುದಿನ ಪೂಜೆ ಮುಗಿದು ಬಾಗಿಲಿನ ತೋರಣ ಇನ್ನೂ ಹಸಿಯಾಗಿರುವಾಗಲೇ ಉಳವಿಯವರು ಬಂದರು. ಬಂದವರು ಇಬ್ಬರಲ್ಲ, ಮೂವರು. ಅತ್ತೆಯೂ ಜೊತೆಗಿದ್ದರು. ಗಂಡ ನನ್ನನ್ನು ನೋಡಿ, ತನ್ನ ತಪ್ಪಿಲ್ಲ ಎಂಬಂತೆ ಕಣ್ಣು ಮಾಡಿದ. ಅತ್ತೆಯೇ ಮುಂದೆ ಬಂದು ಮಾತಾಡಿದರು. ಸೊಸೆಯ ಬಲಗೈ ಅವರ ಕೈಯಲ್ಲಿತ್ತು. ಅದಕ್ಕೆ ಬಿಳಿ ಬಟ್ಟೆ ಸುತ್ತಿತ್ತು.

"ನಿನ್ನೆ ಬೆಳಗ್ಗೆ ಎಣ್ಣೆ ನೀರಿಗೆ ಕಾಯ್ಸಿದ್ದ ಹಂಡೆ ಒಳಗೆ ಕೈ ಅದ್ದಿ ಬಿಟ್ಲು. ಹೊಗೆ ಆಡ್ತಾ ಇದೆ, ಇವ್ಳಿಗೆ ಕಂಡಿಲ್ಲ. ಮೊನ್ನೆ ಸಂಜೆಯಿಂದ ಗೋಡೆ ಹಿಡ್ಕಂಡು ಓಡಾಡ್ತಾಳೆ. ಕೇಳಿದ್ರೆ ತಲೆನೋವು ಅಂತಾಳೆ. ಇವ್ನು ಕಣ್ಣಿನವ್ರ ಹತ್ರ ತೋರ್ಸ್ಕಂಡು ಬರ್ತೀನಿ ಅಂದ, ನಾನೂ ಹೊರಟೆ. ಎಂತ ಆಗಿದೆ ಹೇಳಿ. ಕಣ್ಣು ಹೋಗ್ತದಾ?"

ಅಮಾವಾಸ್ಯೆಯ ಪೂಜೆ ಬಿಟ್ಟು ಬಂದಿದ್ದರು. ಅಂಥವರ ಎದುರು ನಮ್ಮ ಮಾಲೀಕರು, "ಏನಿಲ್ಲ ಕಣವ್ವಾ, ಉಷ್ಣ. ಹನಿ ಹಾಕಿದ್ರ ಸರಿ ಹೋಗ್ತದ," ಎಂದು ನಗುತ್ತಾ ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಪೂಜೆಯ ಕೋಸಂಬರಿ ಕೊಟ್ಟರು. ನನ್ನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಹುಡುಗಿಯನ್ನು ಒಳಕೋಣೆಗೆ ಕರೆದುಕೊಂಡು ಬಂದೆ. ಹೊಸಲಿನ ಹತ್ತಿರ ಕಾಲಿನಿಂದ ಸವರಿ ದಾಟಿದಳು. ಇಪ್ಪತ್ತು ದಾಟಿರಲಿಕ್ಕಿಲ್ಲ. ಕುರ್ಚಿಯಲ್ಲಿ ಕೂರಿಸಿ, ಲೆನ್ಸನ್ನು ಎಷ್ಟು ಹೊತ್ತು ಹಾಕಿಕೊಳ್ಳುತ್ತಿದ್ದೆ ಎಂದು ಕೇಳಿದೆ.

"ಯಾವಾಗ್ಲೂ, ಅಕ್ಕಾ."

"ಮಲಗೋವಾಗ?"

"ಮಲಗೋವಾಗ್ಲೂ. ಅವ್ರು ಪಕ್ಕದಾಗ ಇರ್ತಾರಲ್ಲ. ಎಂಟು ದಿನಕ್ಕೋ ಹತ್ತು ದಿನಕ್ಕೋ ಸ್ನಾನಕ್ಕ ಹೋದಾಗ ಬಚ್ಚಲದಾಗ ತಗದು ತೊಳಕೊಂಡು ಮತ್ತ ಹಾಕ್ಕೊಂತಿದ್ದೆ."

"ಯಾವುದ್ರಲ್ಲಿ ತೊಳೀತಿದ್ದೆ?"

"ತವರಿಗೆ ಹೋದಾಗ ಬಾಟ್ಲಿ ಕೊಡ್ತಿದ್ರು. ಅದು ಮುಗದ ಮ್ಯಾಲ ಬಾವಿ ನೀರು ಕಾಯಿಸಿ ಚೂರು ಉಪ್ಪು ಹಾಕ್ಕೊಂತಿದ್ದೆ. ಅಂಗಡಿಯೋರೇ ಹೇಳಿದ್ರು, ಏನಾಗಂಗಿಲ್ಲ ಅಂತ."

ಬಿಳಿ ಚುಕ್ಕೆಗಳ ಲೆಕ್ಕ ಸಿಕ್ಕಿತು. ಹೊರಗೆ ಕೋಸಂಬರಿ ಹಂಚುತ್ತಿದ್ದ ಅಂಗಡಿಯವರ ಕೊರಳಪಟ್ಟಿ ಹಿಡಿಯಬೇಕು ಎನಿಸಿತು. ಹಿಡಿಯಲಿಲ್ಲ. ಬಣ್ಣದ ಕಾಗದದ ಪಟ್ಟಿಯನ್ನು ಸಲೈನಿನಲ್ಲಿ ತೋಯಿಸಿ ಅವಳ ಕೆಳರೆಪ್ಪೆಗೆ ತಾಗಿಸಿದೆ. ನೀಲಿ ಬೆಳಕಿನ ಟಾರ್ಚು ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಕರಿಗುಡ್ಡೆ ಗಾಯವಾದ ಕಡೆ ಆ ಬಣ್ಣ ಹಸಿರಾಗಿ ಹೊಳೆಯುತ್ತದೆ. ಎರಡೂ ಕಣ್ಣಿನಲ್ಲಿ ಸಾಸಿವೆ ಎರಚಿದ ಹಾಗೆ ಹಸಿರು ಚುಕ್ಕೆಗಳಿದ್ದವು. ಆಮೇಲೆ ಬಿಳಿ ಬೆಳಕಿನಲ್ಲಿ ಅಂಚನ್ನು ನೋಡಿದೆ. ಕರಿಗುಡ್ಡೆಯ ಮೇಲಿನ ತಿಳಿ ಪೊರೆಯಲ್ಲಿ ರಕ್ತನಾಳ ಇರುವುದಿಲ್ಲ, ಇರಬಾರದು. ಅದು ಗಾಳಿಯಿಂದಲೇ ಉಸಿರಾಡುತ್ತದೆ. ಹಗಲೂ ರಾತ್ರಿ ಮುಚ್ಚಳ ಹಾಕಿಟ್ಟರೆ ಉಸಿರು ಸಾಲದೆ ಸುತ್ತಲಿನಿಂದ ರಕ್ತನಾಳಗಳು ಒಳಕ್ಕೆ ನುಗ್ಗುತ್ತವೆ. ಇವಳ ಕಣ್ಣಿನಲ್ಲಿ ಮೇಲಿನ ಅಂಚಿನಿಂದ ಕೆಂಪು ನೂಲಿನಂಥ ಎಳೆಗಳು ಒಳಗೆ ಇಳಿದಿದ್ದವು. ಇನ್ನೊಂದಿಷ್ಟು ಕಾಲ ಹೀಗೇ ಬಿಟ್ಟಿದ್ದರೆ ನಡುವಿನ ತನಕ ಬರುತ್ತಿದ್ದವು. ಆಮೇಲೆ ಲೆನ್ಸೂ ಇಲ್ಲ, ಕನ್ನಡಕವೂ ಇಲ್ಲ.

ಮೇಜಿನ ಮೇಲೆ ಆ ಪುಟ್ಟ ಶೀಶೆ ಇತ್ತು. ಒಂದು ಹಗಲು ಪೂರ್ತಿ ಕಾದು ಬದುಕಿಸಿದ ಲೆನ್ಸು ಅದರಲ್ಲಿ ತೇಲುತ್ತಿತ್ತು. ಅಷ್ಟು ಚೆನ್ನಾಗಿ ಕೈಗೂಡಿದ ಕೆಲಸ ಆ ಅಂಗಡಿಯಲ್ಲಿ ನಾನು ಇನ್ನೊಂದು ಮಾಡಿರಲಿಲ್ಲ. ಅದನ್ನು ಎತ್ತಿ ಬೆಳಕಿಗೆ ಒಮ್ಮೆ ಹಿಡಿದು ನೋಡಿ, ಮುಚ್ಚಳ ತೆಗೆದು ಕಸದ ಬುಟ್ಟಿಗೆ ಬಗ್ಗಿಸಿದೆ.

ಬಾಗಿಲಲ್ಲಿ ಮಾಲೀಕರು ನಿಂತಿದ್ದರು.

"ಏನ್ ಮಾಡಿದ್ರೀ ಅದನ್ನ?"

"ಆ ಕಣ್ಣಿಗೆ ಇನ್ನು ಲೆನ್ಸ್ ಹಾಕಂಗಿಲ್ಲ ಸಾರ್. ನಾಳೆಯೂ ಇಲ್ಲ, ಮುಂದಿನ ತಿಂಗಳೂ ಇಲ್ಲ. ಶಿವಮೊಗ್ಗಕ್ಕೆ ಡಾಕ್ಟರ ಹತ್ರ ಕಳಿಸ್ಬೇಕು. ಈಗ ಕನ್ನಡಕ ಹಾಕ್ಕೊಂಡು ಮನೆಗೆ ಹೋಗ್ತಾರೆ."

"ಅತ್ತೆ ಹೊರಗ ಕುಂತಾರ. ನಾನು ಅವಳಪ್ಪಂಗೆ ಮಾತು ಕೊಟ್ಟೀನಿ. ಅಂಗಡಿ ಪೂಜಿ ದಿನ ಒಂದು ಮನೆ ಮುರೀತೀರೇನ್ರೀ?"

"ಕಣ್ಣು ಹೋದ್ಮೇಲೆ ಮನೆ ಉಳಿಯುತ್ತಾ ಸಾರ್? ನೀವು ಮಾತು ಕೊಟ್ಟಿದ್ದು ಅವರಪ್ಪಂಗೆ. ಕಣ್ಣು ಇವರದ್ದು."

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಪಕ್ಕದಿಂದಲೇ ಹಾದು ಹೊರಗೆ ಹೋಗಿ ಅತ್ತೆಯನ್ನು ಒಳಗೆ ಬನ್ನಿ ಎಂದೆ. ಹುಡುಗಿ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬ್ಯಾಡ ಅಕ್ಕಾ," ಎಂದಳು, ನನಗೆ ಮಾತ್ರ ಕೇಳುವ ಹಾಗೆ. ಆ ಒಂದು ಗಳಿಗೆ ನನಗೂ ಭಯವಾಯಿತು. ಗಂಡನ ಮನೆಯಲ್ಲಿ ಬಾಳಬೇಕಾದವಳು ನಾನಲ್ಲವಲ್ಲ. ಆದರೆ ಸುತ್ತಿದ ಬಟ್ಟೆಯ ಕೆಳಗೆ ಅವಳ ಬೆರಳುಗಳಲ್ಲಿ ಬೊಬ್ಬೆಗಳು ಎದ್ದಿದ್ದವು. ಇನ್ನೊಂದು ಸಲ ಅವಳು ಕೈ ಎಲ್ಲಿಡುತ್ತಾಳೋ ಯಾರಿಗೆ ಗೊತ್ತು.

"ನೀನೇ ಹೇಳ್ತೀಯಾ, ನಾನು ಹೇಳ್ಲಾ?" ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ನಾನೇ ಹೇಳಿದೆ. ಹುಟ್ಟಿನಿಂದ ದೂರದ್ದು ಕಾಣದ ಕಣ್ಣು, ರೋಗವಲ್ಲ, ಕನ್ನಡಕ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಅದನ್ನು ಮುಚ್ಚಿಟ್ಟು ಲೆನ್ಸು ಕೊಟ್ಟಿದ್ದರು. ಅದನ್ನು ರಾತ್ರಿಯೂ ತೆಗೆಯದೆ ಕಣ್ಣು ಕೆಟ್ಟಿದೆ. ಹಬ್ಬದ ದಿನ ಚೆಲ್ಲಿದ ಡಬ್ಬಿ ಅದರದೇ. ಒಂದನ್ನೂ ಬಿಡಲಿಲ್ಲ. ಯಾರು ಮುಚ್ಚಿಟ್ಟರು ಎಂದು ಹೇಳುವಾಗ ಮಾಲೀಕರ ಕಡೆ ನೋಡಿಯೇ ಹೇಳಿದೆ.

ಅತ್ತೆಗೆ ಎಲ್ಲ ಒಟ್ಟಿಗೆ ಅರ್ಥವಾಗಲಿಲ್ಲ. ಕೂತರು. ಮಗನತ್ತ ತಿರುಗಿ, "ನಿಂಗೆ ಗೊತ್ತಿತ್ತನಾ?" ಎಂದರು.

"ಮೊನ್ನೆ ಗೊತ್ತಾತು ಅವ್ವಾ."

"ಮೊನ್ನೆ ಗೊತ್ತಾಗಿ, ನಿನ್ನೆ ಅವ್ಳು ಕೈ ಸುಟ್ಕಳ್ಳ ತನಕ ಸುಮ್ನಿದ್ದೀಯ."

ಅವರು ಮಾಲೀಕರತ್ತ ತಿರುಗಿದರು. ದನಿ ಏರಿಸಲಿಲ್ಲ.

"ಕನ್ನಡಕದ ಹುಡ್ಗಿ ಬ್ಯಾಡ ಅಂತ ನಾನು ಯಾರ ಹತ್ರ ಹೇಳಿದ್ದೆ? ನನ್ನನ್ನ ಕೇಳಿದ್ರಾ ನೀವು? ನಾನು ಒಲ್ಲೆ ಅಂತಿದ್ನೋ ಏನೋ, ಅದು ಬ್ಯಾರೆ. ಅನ್ನೋಕೆ ಮುಂಚೆ ನೀವೇ ಅಂದ್ಕಂಡ್ರಿ. ಈಗ ನನ್ನ ಕೈಯಿಂದ್ಲೇ ಇದನ್ನ ಚೆಲ್ಲಿಸಿ ಹಾಕಿದ್ರಿ."

ಮಾಲೀಕರು ಜೇಬಿನಿಂದ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಎರಡು ದಿನದಿಂದ ನನ್ನೊಳಗೆ ಕುದಿಯುತ್ತಿದ್ದುದನ್ನು ಆ ಹೆಂಗಸು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದರು. ನನಗೆ ಸೇರಿಸಲು ಏನೂ ಉಳಿಯಲಿಲ್ಲ. ಕನ್ನಡಕವನ್ನು ತೊಳೆದು ಒರೆಸಿ, ಸಡಿಲವಾಗಿದ್ದ ಕಡ್ಡಿಯ ಸ್ಕ್ರೂ ಬಿಗಿ ಮಾಡುತ್ತಾ ನಿಂತೆ.

ಅತ್ತೆ ಸೊಸೆಯ ಎದುರು ಬಂದರು. ಸಿಟ್ಟು ಈಗ ಅವಳ ಮೇಲೂ ತಿರುಗಿತ್ತು.

"ಅವ್ರೆಲ್ಲ ಹೋಗ್ಲಿ. ನೀನು ಹಂಡೆ ತಿಕ್ತಾ ಅಲ್ಲೇ ಕೂತಿದ್ದೆಯಲ್ಲೇ. ನಿನ್ನ ಮುಂದೇನೇ ತಂದು ಡಬ್ಬಿ ಬಗ್ಗಿಸಿದೆ ನಾನು. ಒಂದು ಮಾರು ದೂರ ಇರ್ಲಿಲ್ಲ. ನನ್ನ ಕೈ ನೋಡ್ಕಂಡೇ ಸುಮ್ನಿದ್ದೆಯಲ್ಲ. ಚೆಲ್ಲಬ್ಯಾಡಿ ಅತ್ತೆ ಅನ್ನೋಕೆ ಬಾಯಿ ಇರ್ಲಿಲ್ಲನ ನಿಂಗೆ?"

ಹುಡುಗಿ ತಲೆ ಎತ್ತಿದಳು. ಮಾತು ಬಂದ ದಿಕ್ಕನ್ನು ನೋಡಿದಳು. ನೋಟ ಅತ್ತೆಯ ಮುಖಕ್ಕಿಂತ ಒಂದು ಗೇಣು ಆಚೆಗೆ ಹೋಗಿ ನಿಂತಿತು.

"ನಂಗ ಕಾಣ್ಲಿಲ್ಲ ಅತ್ತೆ."

ಅತ್ತೆ ನನ್ನ ಕಡೆ ಕೈ ಚಾಚಿದರು. ಕನ್ನಡಕ ಕೊಟ್ಟೆ. ಅದನ್ನು ಹೇಗೆ ಹಿಡಿಯಬೇಕೆಂದು ಅವರಿಗೆ ಗೊತ್ತಿರಲಿಲ್ಲ, ಎರಡೂ ಕಡ್ಡಿಗಳನ್ನು ಬಿಡಿಸಿ ಹಿಡಿಯಲು ಸ್ವಲ್ಪ ಸಮಯ ಬೇಕಾಯಿತು. ತಾವೇ ಸೊಸೆಯ ಕಿವಿಗೆ ಅದನ್ನು ಸಿಕ್ಕಿಸಿ, ಅವಳ ಮುಖದ ಮುಂದೆ ಬಗ್ಗಿ ನಿಂತು, "ಈಗ ನಾನು ಕಾಣ್ತೀನಾ?" ಎಂದು ಕೇಳಿದರು.